ನಲವತ್ತೆರಡು ಅಜ್ಜಿಯರ ಎಡಗೈ

ಮೊನ್ನೆ ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಉಬ್ಬುವುದನ್ನು ಕಾಯುತ್ತ ನಿಂತಿದ್ದೆ. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಪಕ್ಕದ ಮನೆಯ ಕಿಟಕಿ ಇದೆ. ಕುಷಾಯಿಗೂಡದಲ್ಲಿ ಮನೆಗಳು ಹೀಗೇ, ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊಬ್ಬರು ಸೀನುತ್ತಾರೆ. ಆ ಕಿಟಕಿಯಾಚೆ ನಾಲ್ಕನೇ ಕ್ಲಾಸಿನ ಶ್ರೀಜ ಪರೀಕ್ಷೆಗೆಂದು ಏನೋ ಉರುಹೊಡೆಯುತ್ತಿದ್ದಳು. ‘ಮೈ ಗ್ರ್ಯಾಂಡ್‌ಮದರ್ ಈಸ್ ದ ಪಿಲ್ಲರ್ ಆಫ್ ಅವರ್ ಹೌಸ್.’ ಇಂಥ ವಾಕ್ಯ ಹೈದರಾಬಾದಿನಲ್ಲಿ ಯಾವ ಕಿಟಕಿಯಿಂದಲಾದರೂ ಕೇಳಿಬರಬಹುದು, ನಾನು ಗಮನ ಕೊಡಲಿಲ್ಲ. ಮೂರನೇ ವಾಕ್ಯಕ್ಕೆ ಕಿವಿ ನೆಟ್ಟಗಾಯಿತು. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ರೊಟ್ಟಿ ಸೀದು ಮನೆತುಂಬ ಹೊಗೆ. ಯಾಕೆಂದರೆ ಅವಳು ಹೇಳುತ್ತಿದ್ದ ಅಜ್ಜಿ ಅವಳ ಅಜ್ಜಿಯಾಗಿರಲಿಲ್ಲ, ನನ್ನವಳು.

ಇದನ್ನು ನಿಮಗೆ ಸರಿಯಾಗಿ ಹೇಳಬೇಕೆಂದರೆ ಐಲೀನ್‌ಳಿಂದ ಶುರುಮಾಡಬೇಕು. ಅದರಲ್ಲಿ ತಪ್ಪು ಯಾರದು ಎಂದು ಮಾತ್ರ ಕೇಳಬೇಡಿ. ಇಷ್ಟು ವರ್ಷವಾದರೂ ನನಗೆ ಅದು ಬಗೆಹರಿದಿಲ್ಲ.

ನಾನು ನಾಚಾರಂ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂಬತ್ತು ಮತ್ತು ಹತ್ತನೇ ಕ್ಲಾಸು ನನ್ನವು, ಹದಿನಾಲ್ಕು ವರ್ಷದಿಂದ ನನ್ನವು. ಶಾಲೆಯ ಮಾಲೀಕರನ್ನು ನಾವೆಲ್ಲ ಕರೆಸ್ಪಾಂಡೆಂಟ್ ಸಾರ್ ಎನ್ನುತ್ತಿದ್ದೆವು. ಕೊಂಡಾಪುರದ ಕಡೆಯ ದೊಡ್ಡ ಶಾಲೆಗಳಲ್ಲಿ ವಿದೇಶಿ ಟೀಚರುಗಳಿದ್ದಾರೆಂದು ಕೇಳಿದಾಗಿನಿಂದ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಎಲ್ಲಿಂದ ಹೇಗೆ ಹಿಡಿದರೋ, ಒಂದು ಜೂನ್ ತಿಂಗಳಲ್ಲಿ ಐಲೀನ್ ಬಂದಿಳಿದಳು. ಐರ್ಲೆಂಡಿನ ಯಾವುದೋ ಮೀನುಗಾರರ ಊರಿನವಳು, ಮೂವತ್ತು ದಾಟಿದ್ದವಳು, ಬಿಸಿಲಿಗೆ ಮೂಗು ಸುಲಿದುಕೊಂಡವಳು. ಗೇಟಿಗೆ ಅವಳ ಫೋಟೋ ಇರುವ ಬ್ಯಾನರ್ ಬಿತ್ತು, ಹಿಂದೆ ಲಂಡನ್ನಿನ ಗಡಿಯಾರದ ಗೋಪುರ. ‘ನಾನು ಲಂಡನ್ನಿನವಳಲ್ಲ’ ಎಂದು ಅವಳು ಎರಡು ಸಲ ಹೇಳಿ ನೋಡಿದಳು. ಸಾರ್ ಎರಡು ಸಲವೂ ನಕ್ಕು ‘ಥ್ಯಾಂಕ್ಯೂ ಮೇಡಂ’ ಎಂದರು. ಆಮೇಲೆ ನನ್ನನ್ನು ಕರೆದು, ಒಂಬತ್ತನೇ ಕ್ಲಾಸು ಇನ್ನು ಅವರಿಗೆ, ಪೇರೆಂಟ್ಸಿಗೆ ಹಿಡಿಸಿದರೆ ಮುಂದಿನ ವರ್ಷ ಹತ್ತೂ ಅವರಿಗೇ, ನೀವು ಚಿಕ್ಕ ಮಕ್ಕಳ ಆಕ್ಟಿವಿಟಿ ನೋಡಿಕೊಳ್ಳಬಹುದು ಎಂದರು. ಜೊತೆಗೆ, ನಿಮ್ಮ ಮನೆಯ ಮಹಡಿ ಖಾಲಿ ಇದೆಯಂತಲ್ಲ, ಆಕೆ ಅಲ್ಲೇ ಇರಲಿ ಎಂದೂ ಸೇರಿಸಿದರು. ಹೀಗೆ ನನ್ನ ಕ್ಲಾಸು ಕಸಿಯಲು ಬಂದವಳಿಗೆ ನಾನೇ ಬಿಸಿನೀರು ಕಾಯಿಸಿಕೊಡುವಂತಾಯಿತು.

ನಮ್ಮ ಮನೆಯಲ್ಲಿ ಅವಳ ಮೊದಲ ಗೊಂದಲ ಭಾಷೆಯದು. ನಾವು ಹುಮನಾಬಾದ್ ಕಡೆಯವರು. ನಮ್ಮಪ್ಪ ಇಲ್ಲಿಯ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿದಾಗ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಆಟೋದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಮಗೆ ಇದು ಚಪ್ಪಲಿ ಬದಲಾಯಿಸಿದಷ್ಟೇ ಸಲೀಸು. ಐಲೀನ್ ಹೈದರಾಬಾದಿನ ಭಾಷೆ ಕಲಿಯಬೇಕೆಂದು ಮನಸ್ಸು ಮಾಡಿ, ಕೈಗೆ ಸಿಕ್ಕ ನಮ್ಮವ್ವನಿಂದ ಕಲಿತಳು. ನಮ್ಮವ್ವ ಕಲಿಸಿದ್ದು ಅಪ್ಪಟ ಹುಮನಾಬಾದಿ. ಮೂರು ತಿಂಗಳಾದ ಮೇಲೆ ಅವಳು ಆಟೋದವನಿಗೆ ‘ಭಾಳ ಜೋರ್ ಹೊಡೀಬ್ಯಾಡ್ರಿ’ ಎಂದಳಂತೆ. ಅವನು ಇದೇ ಲಂಡನ್ ಭಾಷೆಯೆಂದು ತಿಳಿದು ‘ಯೆಸ್ ಯೆಸ್’ ಎನ್ನುತ್ತ ಇನ್ನೂ ಜೋರಾಗಿ ಓಡಿಸಿದನಂತೆ.

ಅವ್ವ ಮೆಟ್ಟಿಲ ಮೇಲೆ ಕಂಡಾಗಲೆಲ್ಲ ‘ಊಟ ಆತೇನ್ರಿ?’ ಎಂದು ಕೇಳುವುದು ವಾಡಿಕೆ. ಐಲೀನ್ ಪ್ರತಿ ಸಲವೂ ನಿಂತು, ಏನು ತಿಂದೆ, ಎಷ್ಟು ತಿಂದೆ, ಹೊಟ್ಟೆ ಹೇಗಿದೆ ಎಂದು ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದಳು. ಅವ್ವನಿಗೆ ಬಹಳ ಖುಷಿ. ‘ನೋಡವಾ, ಕೇಳಿದ್ದಕ್ಕ ಪೂರಾ ಜವಾಬು ಕೊಡ್ತಾಳ. ನೀ ಬರೇ ಹ್ಞೂಂ ಅಂತಿ’ ಎಂದು ನನಗೆ ತಿವಿಯುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳೇಕೆ ಹೇಳಲಿ?

ಶಾಲೆಯಲ್ಲಿ ಮೊದಲ ದಿನ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಲವತ್ತೆರಡು ಮಕ್ಕಳು ಎದ್ದು ನಿಂತು ರಾಗವಾಗಿ ‘ಗುಡ್ ಮಾರ್ನಿಂಗ್ ಮೇಡಂ’ ಎಂದರು. ಅವಳೂ ಗುಡ್ ಮಾರ್ನಿಂಗ್ ಎಂದಳು. ಆಮೇಲೆ ಮಕ್ಕಳು ಅವಳು ‘ಸಿಟ್’ ಎನ್ನಲೆಂದು ಕಾದರು, ಅವಳು ಮಕ್ಕಳು ಕೂತುಕೊಳ್ಳಲೆಂದು ಕಾದಳು. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡುತ್ತ ಬಹಳ ಹೊತ್ತು ನಿಂತರು. ಕೊನೆಗೆ ನಾನೇ ಕೂರಿಸಬೇಕಾಯಿತು. ಆ ದಿನ ನನಗೆ ಸ್ವಲ್ಪ ಧೈರ್ಯ ಬಂತು, ಇವಳ ಕೈಲಿ ಆಗುವುದಿಲ್ಲ ಎಂದು.

ಒಂದು ದಿನ ಅವಳು ‘ನನ್ನ ಅಜ್ಜಿ’ ಎಂಬ ವಿಷಯ ಕೊಟ್ಟು, ನಿಮಗೆ ಅನಿಸಿದ್ದನ್ನು ಬರೆಯಿರಿ ಎಂದಳು. ಮಕ್ಕಳು ಎಷ್ಟು ಸಾಲು ಮೇಡಂ ಎಂದರು. ಮಾರ್ಜಿನ್ ಪೆನ್ಸಿಲ್ಲಿನಲ್ಲೋ ಪೆನ್ನಿನಲ್ಲೋ ಎಂದರು. ಒಬ್ಬಳು ಮಾತ್ರ ಧೈರ್ಯ ಮಾಡಿ ‘ಮೇಡಂ, ನೀವು ಡಿಕ್ಟೇಟ್ ಮಾಡಿದರೆ ಅನಿಸುತ್ತೆ’ ಎಂದಳಂತೆ. ಐಲೀನ್ ನಕ್ಕು, ಮನೆಯಲ್ಲಿ ಬರೆದುಕೊಂಡು ಬನ್ನಿ ಎಂದುಬಿಟ್ಟಳು. ಮನೆಯಲ್ಲಿ ಏನಿದೆ? ನನ್ನ ನೋಟ್ಸ್ ಇದೆ.

ಈಗ ಆ ನೋಟ್ಸಿನ ವಿಷಯ. ನಮ್ಮಲ್ಲಿ ಪ್ರಬಂಧವೆಂದರೆ ಟೀಚರ್ ಬರೆಸುವುದು, ಮಕ್ಕಳು ಉರುಹೊಡೆಯುವುದು, ಪರೀಕ್ಷೆಯಲ್ಲಿ ಇಳಿಸುವುದು. ನನಗೂ ಹಾಗೇ ಕಲಿಸಿದ್ದರು, ನಾನೂ ಹಾಗೇ ಕಲಿಸಿದೆ. ಗೈಡುಗಳಲ್ಲಿ ಅಜ್ಜಿಯ ಬಗ್ಗೆ ಇದ್ದ ಪ್ರಬಂಧ ಸಪ್ಪೆಯೆನಿಸಿ, ಯಾವುದೋ ವರ್ಷ ನಾನೇ ಒಂದನ್ನು ಬರೆದೆ. ನನಗೆ ಗೊತ್ತಿದ್ದ ಅಜ್ಜಿ ಒಬ್ಬಳೇ, ನಮ್ಮಪ್ಪನ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಆಯಿ ಅವಲಕ್ಕಿ ಡಬ್ಬಿಯಲ್ಲಿ ಬೆಲ್ಲ ಬಚ್ಚಿಡುತ್ತಿದ್ದಳು ಎಂದು ಬರೆದೆ. ಹಸಿರು ಬಳೆ, ತುಳಸಿಗೆ ನೀರು, ನಡೆಯುವಾಗ ತನ್ನಷ್ಟಕ್ಕೆ ಮಾತಾಡುವುದು, ಎಲ್ಲ ಬರೆದೆ. ಕೊನೆಗೆ ಒಂದು ವಾಕ್ಯ: ಅವಳ ಎಡ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆ ಇದೆ, ನಮಗಾಗಿ ರೊಟ್ಟಿ ಮಾಡುವಾಗ ಆದದ್ದು, ಅದು ಅವಳ ಪ್ರೀತಿಯ ಗುರುತು. ಈ ವಾಕ್ಯ ಬರೆಸುವಾಗ ಮಾತ್ರ ನಾನು ಹಲಗೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಅದು ಯಾಕೆಂದು ಮುಂದೆ ಹೇಳುತ್ತೇನೆ. ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆಸಿ, ಇಲ್ಲಿ ನಿಮ್ಮ ನಿಮ್ಮ ಅಜ್ಜಿ ಹೆಸರು ಬರೆದುಕೊಳ್ಳಿ ಎನ್ನುತ್ತಿದ್ದೆ. ಆ ನೋಟ್ಸ್ ಅಕ್ಕನಿಂದ ತಂಗಿಗೆ, ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಹೋಯಿತು.

ಮರುದಿನ ಸಂಜೆ ಐಲೀನ್ ನಲವತ್ತೆರಡು ನೋಟ್‌ಬುಕ್ಕುಗಳನ್ನು ಎದೆಗವಚಿಕೊಂಡು ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿದ್ದವು. ಮಕ್ಕಳು ಒಂದೇ ಮಾದರಿಯ ವಾಕ್ಯ ಬಳಸುತ್ತಾರೆಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ಅದನ್ನು ಅವಳು ತಪ್ಪೆಂದುಕೊಂಡಿರಲಿಲ್ಲ, ಸಂಗತಿಗಳಂತೂ ಅವರವರ ಮನೆಯವೇ ಎಂದು ನಂಬಿದ್ದಳು. ‘ಅಯೇಷಾಳ ಅಜ್ಜಿ ಕೂಡ ತುಳಸಿಗೆ ನೀರು ಹಾಕುತ್ತಾರೆ’ ಎಂದು ಗದ್ಗದಿತಳಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, ‘ಕೇಳಬಾರದ್ದಾದರೆ ಕ್ಷಮಿಸಿ. ಇಲ್ಲಿ ಅಜ್ಜಿಯರ ಎಡಗೈ ಮೇಲೆ ಸುಟ್ಟ ಕಲೆ ಇರುತ್ತದಲ್ಲ, ಅದು ಯಾವುದಾದರೂ ಸಂಪ್ರದಾಯವೇ?’ ಎಂದಳು.

ನಿಜ ಹೇಳಲು ಆಗ ಒಂದು ಕ್ಷಣವಿತ್ತು. ನನಗೆ ಕಂಡದ್ದು ಕರೆಸ್ಪಾಂಡೆಂಟ್ ಸಾರ್ ಮುಖ. ಹದಿನಾಲ್ಕು ವರ್ಷ ಈ ಮೇಡಂ ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಒಂದು ಸಾಲು ಬರೆಯಲು ಕಲಿಸಿಲ್ಲ ಎಂದು ಲಂಡನ್ ಮೇಡಂ ಒಂದು ಮಾತು ಹೇಳಿದರೆ ನನ್ನ ಹತ್ತನೇ ಕ್ಲಾಸು ಹೋದ ಹಾಗೆ. ‘ಸಂಪ್ರದಾಯವೇನಲ್ಲ. ಆದರೆ ಈ ಕಡೆ ಬಹಳ ಜನಕ್ಕೆ ಇರುತ್ತದೆ, ರೊಟ್ಟಿ ಮಾಡುತ್ತಾರಲ್ಲ’ ಎಂದೆ. ಅನ್ನ ಉಣ್ಣುವ ಊರಿನಲ್ಲಿ ನಿಂತು ಹಾಗೆಂದೆ. ಒಲೆಯ ಮುಂದಿದ್ದ ಅವ್ವನಿಗೆ ಇಂಗ್ಲಿಷ್ ಬಾರದ್ದು ಪುಣ್ಯ.

ಐಲೀನ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಳು. ಮರುದಿನದಿಂದ ಅವಳು ಹೂವಿನವಳ, ಶಾಲೆಯ ಆಯಾಳ, ಬಸ್ಸಿನಲ್ಲಿ ಪಕ್ಕ ಕೂತವಳ ಎಡಗೈ ನೋಡತೊಡಗಿದಳು. ವಾರದೊಳಗೆ ಸಾರ್ ಹತ್ತಿರ ಹೋಗಿ, ಈ ಅಜ್ಜಿಯರನ್ನೆಲ್ಲ ಕರೆಸಿ ಸನ್ಮಾನ ಮಾಡಬೇಕು ಎಂದಳು. ಸಾರ್ ಕುಣಿದರು. ‘ಗ್ರ್ಯಾಂಡ್‌ಪೇರೆಂಟ್ಸ್ ಡೇ’ ಎಂದು ಇನ್ನೊಂದು ಬ್ಯಾನರ್ ಬಿತ್ತು. ಆ ವಾರ ನಿಜ ಹೇಳಿಬಿಡಬೇಕೆಂದು ಎರಡು ಸಲ ಮಹಡಿ ಹತ್ತಿದೆ. ಒಂದು ಸಲ ಹೀರೇಕಾಯಿ ಬೇಕೇ ಎಂದು ಕೇಳಿ ಇಳಿದೆ. ಇನ್ನೊಂದು ಸಲ ಏನೂ ಕೇಳದೆ ಇಳಿದೆ.

ಶನಿವಾರ ಬೆಳಿಗ್ಗೆ ಶಾಮಿಯಾನದ ಕೆಳಗೆ ಮೂವತ್ತಕ್ಕೂ ಹೆಚ್ಚು ಅಜ್ಜಿಯರು ಬಂದು ಕೂತರು. ಕೊನೇ ಸಾಲಿನಲ್ಲಿ ನಮ್ಮವ್ವ, ಐಲೀನ್ ತಾನೇ ಕರೆದಿದ್ದಳು. ಅಯೇಷಾ ಪ್ರಬಂಧ ಓದಿದಳು. ಅಜ್ಜಿಯರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಆಗ ಐಲೀನ್ ಮೈಕು ನನ್ನ ಕೈಗಿಟ್ಟು, ‘ಇದು ಅವರ ಬಗ್ಗೆಯೇ ಇರುವುದು, ಅವರಿಗೆ ಅರ್ಥವಾಗಬೇಕಲ್ಲ. ನೀವು ತೆಲುಗಿನಲ್ಲಿ ಹೇಳಿ’ ಎಂದಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಆರನೆಯದೋ ಏಳನೆಯದೋ ಓದುವಾಗ, ಸಂಜೆ ಒಲೆಯ ಪಕ್ಕ ಕೂತು ಇಂಗ್ಲಿಷ್ ಪಾಠ ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ. ಆಯಿ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು. ಬೀದಿಯ ತೆಲುಗು ಬೋರ್ಡುಗಳನ್ನು ಕೂಡ ‘ನಮ್ಮ ಅಕ್ಷರನ ಅದಾವ, ತಲಿಕಟ್ಟ ಅಷ್ಟ ಬ್ಯಾರೆ’ ಎಂದು ಓದಿಬಿಡುತ್ತಿದ್ದಳು. ಇಂಗ್ಲಿಷ್ ಒಂದು ಅವಳಿಗೆ ದಕ್ಕಿರಲಿಲ್ಲ. ‘ಏನ್ ಓದಾಕತ್ತೀಯವಾ, ಅದರ ಅರ್ಥ ಏನು?’ ಎಂದು ದಿನಾ ಕೇಳುವಳು. ‘ಅರ್ಥ ಪರೀಕ್ಷಾಕ್ಕ ಬರಂಗಿಲ್ಲ, ಸುಮ್ನಿರು ಆಯಿ’ ಎಂದು ನಾನು ದಿನಾ ಹೇಳುತ್ತಿದ್ದೆ. ನಿಜವಾಗಿ ಅರ್ಥ ನನಗೂ ಗೊತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ನಾಚಿಕೆ.

ಮೈಕು ಹಿಡಿದು ನಾನು ಒಂದೊಂದೇ ವಾಕ್ಯ ತೆಲುಗಿಗೆ ತಂದೆ. ಎಷ್ಟೋ ವರ್ಷದಿಂದ ಬರೆಸುತ್ತಿದ್ದ ಆ ಪ್ರಬಂಧದ ಅರ್ಥವನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಬೆಲ್ಲದ ಡಬ್ಬಿಗೆ ಅಜ್ಜಿಯರು ನಕ್ಕರು. ತುಳಸಿಗೆ ಅಯೇಷಾಳ ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಎಡಗೈಯ ಕಲೆಗೆ ಬಂದಾಗ ಐಲೀನ್ ವೇದಿಕೆ ಇಳಿದು, ಮೊದಲ ಸಾಲಿನ ಅಜ್ಜಿಯ ಎಡಗೈ ಹಿಡಿದು, ಮೆಲ್ಲಗೆ ತಿರುಗಿಸಿ ನೋಡಿದಳು. ಕಲೆ ಇರಲಿಲ್ಲ. ಎರಡನೆಯವಳದು ನೋಡಿದಳು, ಮೂರನೆಯವಳದು ನೋಡಿದಳು. ನಾಲ್ಕನೆಯ ಅಜ್ಜಿ ಇದು ಸಕ್ಕರೆ ಕಾಯಿಲೆಯ ಪರೀಕ್ಷೆಯೆಂದು ತಿಳಿದು ಬೆರಳು ಮುಂದೆ ಚಾಚಿದಳು. ಹಿಂದಿನ ಸಾಲಿನವರೂ ಒಬ್ಬರನ್ನು ನೋಡಿ ಒಬ್ಬರು ಬೆರಳು ಚಾಚಿದರು. ಅಷ್ಟು ಕೈಗಳ ನಡುವೆ ಐಲೀನ್ ಏನೂ ತೋಚದೆ ನಿಂತು ನನ್ನ ಕಡೆ ನೋಡಿದಳು.

ಮುಂದಿನ ಸಾಲಿನ ಅಜ್ಜಿಯೊಬ್ಬಳು ನನ್ನನ್ನೇ ಕೇಳಿದಳು: ‘ಎವರಮ್ಮಾ ಆಮೆ? ಮಾ ಲೆಕ್ಕ ಲೇದು.’ ಯಾರಮ್ಮ ಆಕೆ, ನಮ್ಮ ಹಾಗಿಲ್ಲವಲ್ಲ.

ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. ‘ಮಾ ನಾಯನಮ್ಮ’ ಎಂದೆ. ನಮ್ಮ ಅಜ್ಜಿ.

ಆ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಚೆಯ್ಯಿ ಎಟ್ಲ ಕಾಲಿಂದಿ?’ ಎಂದು ಕೇಳಿದಳು, ಕೈ ಹೇಗೆ ಸುಟ್ಟಿತು ಎಂದು. ‘ನಮಗಾಗಿ ರೊಟ್ಟಿ ಮಾಡುವಾಗ’ ಎಂದೆ, ಉರುಹೊಡೆದವಳ ಹಾಗೆ. ಕೊನೇ ಸಾಲಿನಲ್ಲಿ ನಮ್ಮವ್ವ ಎದ್ದು ನೀರು ಕುಡಿಯಲು ಹೋದಳು.

ಅವ್ವನಿಗೆ ಗೊತ್ತಿತ್ತು. ನಾನು ಒಲೆಯ ಪಕ್ಕ ಉರುಹೊಡೆಯುತ್ತಿದ್ದ ಆ ದಿನಗಳ ಒಂದು ಸಂಜೆ, ಆಯಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಎಡಗೈಯಿಂದ ನನ್ನ ಪುಸ್ತಕ ಮುಟ್ಟಿ ಅರ್ಥ ಕೇಳಿದಳು. ಮರುದಿನ ಪರೀಕ್ಷೆ. ನಾನು ಸಿಟ್ಟಿನಿಂದ ಆ ಕೈಯನ್ನು ತಳ್ಳಿದೆ. ಅದು ಹಂಚಿಗೆ ಹೋಗಿ ತಾಗಿತು. ಆಯಿ ಕೂಗಲಿಲ್ಲ. ಅಪ್ಪ ಬಂದು ಕೇಳಿದಾಗ ‘ರೊಟ್ಟಿ ಮಾಡೋ ಮುಂದ ಹತ್ತಿತು’ ಎಂದಳು. ಸಾಯುವ ತನಕ ಕೇಳಿದವರಿಗೆಲ್ಲ ಹಾಗೇ ಹೇಳಿದಳು. ನಾನು ಅವಳ ಮಾತನ್ನು ಇಂಗ್ಲಿಷಿಗೆ ಹಾಕಿದೆನಷ್ಟೆ, ಅದು ನನ್ನ ಸುಳ್ಳೋ ಅವಳದೋ ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ‘ಪ್ರೀತಿಯ ಗುರುತು’ ಎಂದು ಸೇರಿಸಿದ್ದು ಮಾತ್ರ ನಾನು.

ಸಾರ್‌ಗೆ ಏನೂ ತಿಳಿಯಲಿಲ್ಲ. ಕಾರ್ಯಕ್ರಮ ಸೂಪರ್ ಎಂದರು. ಆ ಸಂಜೆ ಐಲೀನ್ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದಳು.

‘ನನಗೆ ಹೇಳಬಹುದಿತ್ತು’ ಎಂದಳು.

‘ಹೇಳಿದ್ದರೆ ನನ್ನ ಹತ್ತನೇ ಕ್ಲಾಸು ಹೋಗುತ್ತಿತ್ತು.’

‘ನಿಮ್ಮ ಹತ್ತನೇ ಕ್ಲಾಸು ನನಗೆ ಬೇಡ’ ಎಂದಳು. ‘ಇಲ್ಲಿ ನನ್ನಿಂದ ಏನು ಬೇಕಾಗಿದೆ ಎಂದೇ ನನಗೆ ತಿಳಿಯುತ್ತಿಲ್ಲ. ನಾನು ಏನು ಹೇಳಿದರೂ ಎಲ್ಲರೂ ಥ್ಯಾಂಕ್ಯೂ ಅನ್ನುತ್ತಾರೆ.’ ಆಮೇಲೆ ನಮ್ಮವ್ವನ ಕನ್ನಡದಲ್ಲಿ, ‘ತಲಿ ಕೆಟ್ಟೈತಿ’ ಎಂದಳು. ಇಬ್ಬರಿಗೂ ನಗು ಬಂತು. ಇಷ್ಟು ದಿನ ಇವಳ ಬಗ್ಗೆ ಹೆದರಿಕೊಂಡಿದ್ದಕ್ಕೆ ನನಗೆ ಬಹಳ ನಾಚಿಕೆಯಾಯಿತು.

ಸೋಮವಾರ ಅವಳು ಮಕ್ಕಳಿಗೆ ಬೈಯಲಿಲ್ಲ. ನೋಟ್‌ಬುಕ್ ವಾಪಸು ಕೊಟ್ಟು, ನಿಮ್ಮ ಅಜ್ಜಿಯ ಮಟ್ಟಿಗೆ ನಿಜವಾದ ವಾಕ್ಯಗಳ ಕೆಳಗೆ ಪೆನ್ಸಿಲ್ ಗೆರೆ ಹಾಕಿ, ಉಳಿದದ್ದನ್ನು ನೀವೇ ಬರೆಯಿರಿ ಎಂದಳು. ಹೆಚ್ಚಿನವರು ಸ್ಕೇಲ್ ಇಟ್ಟು ಒಂದೆರಡು ಗೆರೆ ಎಳೆದಿದ್ದರು. ಬೆಲ್ಲಕ್ಕೆ ಆರು ಗೆರೆ. ಕಲೆಯ ವಾಕ್ಯಕ್ಕೆ ಒಂದೂ ಇಲ್ಲ. ಅವಳು ಒಂದು ನೋಟ್‌ಬುಕ್ ನನ್ನ ಮುಂದಿಟ್ಟು ಪೆನ್ಸಿಲ್ ಕೊಟ್ಟಳು. ನಾನು ಮೊದಲಿನಿಂದ ಎಲ್ಲಕ್ಕೂ ಗೆರೆ ಎಳೆಯುತ್ತ ಬಂದೆ. ಆ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ಅದನ್ನು ಹಾಗೇ ಬಿಟ್ಟು ಪೆನ್ಸಿಲ್ ವಾಪಸು ಕೊಟ್ಟೆ.

ಮೇ ತಿಂಗಳಲ್ಲಿ ಅವಳು ಹೊರಟುಹೋದಳು. ಹತ್ತನೇ ಕ್ಲಾಸು ನನ್ನಲ್ಲೇ ಉಳಿಯಿತು, ಒಂಬತ್ತೂ ವಾಪಸು ಬಂತು. ಮರುವರ್ಷ ನಾನು ಡಿಕ್ಟೇಶನ್ ನಿಲ್ಲಿಸಿದೆ. ಮಕ್ಕಳು ಸ್ವಂತ ಅಜ್ಜಿಯರನ್ನು ಬರೆದರು. ಮೊಬೈಲ್ ನೋಡುವ ಅಜ್ಜಿ, ಸೊಸೆಯ ಜೊತೆ ಮಾತು ಬಿಟ್ಟ ಅಜ್ಜಿ, ಎಲ್ಲ ಬಂದರು. ಮಾರ್ಕ್ಸ್ ಕಡಿಮೆ ಬಿದ್ದವು, ಪೇರೆಂಟ್ಸ್ ಬಂದು ಜಗಳವಾಡಿದರು. ಅದರ ಮುಂದಿನ ವರ್ಷ ನಾನು ಮತ್ತೆ ಬರೆಸಿದೆ, ಆ ವಾಕ್ಯ ಒಂದನ್ನು ಬಿಟ್ಟು. ಹಳೆಯ ನೋಟ್ಸ್ ಮಾತ್ರ ಊರಲ್ಲಿ ತಿರುಗುತ್ತಲೇ ಇತ್ತು. ಈಗ ನಾನು ಶಾಲೆ ಬಿಟ್ಟು ಮೂರು ವರ್ಷವಾಯಿತು. ಅವ್ವನೂ ಹೋದಳು. ಆಯಿಯ ಕೈ ಹೇಗೆ ಸುಟ್ಟಿತೆಂದು ಗೊತ್ತಿರುವವಳು ನಾನೊಬ್ಬಳೇ ಉಳಿದಿದ್ದೇನೆ.

ಮೊನ್ನೆ ಆ ಸೀದ ರೊಟ್ಟಿ ತೆಗೆದೆಸೆದು, ಒಲೆ ಆರಿಸಿ, ಕಿಟಕಿಯಿಂದ ಶ್ರೀಜಳನ್ನು ಕರೆದೆ. ನೋಟ್‌ಬುಕ್ ಸಮೇತ ಬಂದಳು. ಅದು ಅವಳ ದೊಡ್ಡಪ್ಪನ ಮಗಳ ನೋಟ್ಸಿನಿಂದ ಇಳಿಸಿಕೊಂಡದ್ದಂತೆ. ಅವಲಕ್ಕಿ ಡಬ್ಬಿ ಹೋಗಿ ಬಿಸ್ಕತ್ತಿನ ಡಬ್ಬಿಯಾಗಿತ್ತು, ಹಸಿರು ಬಳೆ ಮಾಯವಾಗಿತ್ತು, ಕಲೆ ಮಾತ್ರ ಎಡಗೈಯಲ್ಲೇ ಇತ್ತು. ‘ನಿಮ್ಮ ನಾಯನಮ್ಮನ ಕೈ ಮೇಲೆ ಕಲೆ ಇದೆಯಾ?’ ಎಂದು ತೆಲುಗಿನಲ್ಲಿ ಕೇಳಿದೆ. ಇಲ್ಲ ಎಂದಳು. ‘ಹಾಗಾದರೆ ಈ ಲೈನ್ ಹೊಡೆದುಹಾಕು.’ ಹತ್ತು ಲೈನ್ ಇರಲೇಬೇಕು ಆಂಟೀ, ಇಲ್ಲದಿದ್ದರೆ ಮಾರ್ಕ್ಸ್ ಕಟ್ ಎಂದಳು. ಅದೂ ನಿಜವೇ.

ನಾನು ಅವಳ ಪೆನ್ನು ಇಸಿದುಕೊಂಡು ಆ ವಾಕ್ಯಕ್ಕೆ ಅಡ್ಡ ಗೆರೆ ಎಳೆದು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಬರೆದೆ. ಅವಳ ಕೈಯನ್ನು ಹಂಚಿನ ಮೇಲೆ ತಳ್ಳಿದವಳು ನಾನು ಎಂದು. ಶ್ರೀಜ ಅದನ್ನು ಎಳೆದುಕೊಂಡು ತನ್ನ ಎಂದಿನ ರಾಗದಲ್ಲಿ ಎರಡು ಸಲ ಗಟ್ಟಿಯಾಗಿ ಓದಿದಳು, ಉರುಹೊಡೆಯಲು ಶುರುಮಾಡಿದ ಹಾಗೆ. ಮೂರನೇ ಸಲಕ್ಕೆ ನಿಲ್ಲಿಸಿ ತಲೆಯೆತ್ತಿದಳು.

‘ಅಂಟೇ ಏಂಟಿ ಆಂಟೀ?’ ಎಂದಳು. ಹಾಗಂದರೆ ಏನು?

ಪರೀಕ್ಷೆಗೆ ಬರುವುದಿಲ್ಲ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ನಾನು ಒಲೆಯ ಪಕ್ಕಕ್ಕೆ ಎರಡು ಮಣೆ ಎಳೆದು, ಒಂದರ ಮೇಲೆ ಅವಳನ್ನು ಕೂರಿಸಿ, ಅದರ ಅರ್ಥ ಹೇಳಲು ಕೂತೆ.